ಗ್ರ್ಯಾಂಡ್ ಬುಲೆವಾರ್ಡಿನ ಇಬ್ಬರು ಗೆಳೆಯರು



ಅಮೆರಿಕಾ ಪ್ರವಾಸ ಎಂದೊಡನೆ ನಯಾಗರಾ, ಡಿಸ್ನಿಲ್ಯಾಂಡ್, ಲಿಬರ್ಟಿ ಪ್ರತಿಮೆ ಎಂದು ಪಟ್ಟಿ ಮಾಡುವವರೇ ಹೆಚ್ಚು. ಡೆಟ್ರಾಯಿಟ್ ಆ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ನೀವು ಇಯರ್‌ಫೋನ್ ಸಿಕ್ಕಿಸಿಕೊಂಡು ತಲೆದೂಗುವ 'ಟೆಕ್ನೋ' ಸಂಗೀತ ಹುಟ್ಟಿದ್ದು ಇದೇ ಊರಿನಲ್ಲಿ. 2002ರ 'ಅಕ್ಕ' ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಇಲ್ಲೇ. ಮಗ ಆ ಊರಿನ ಸಮೀಪ ಕೆಲಸದಲ್ಲಿರುವುದರಿಂದ ನನಗೆ ಅದನ್ನು ನೋಡುವ ಅವಕಾಶ ಸಿಕ್ಕಿತು. ಅಲ್ಲಿ ನಿಮಗೆ ತೋರಿಸಬೇಕೆನಿಸಿದ ರಸ್ತೆ ಒಂದೇ: ಗ್ರ್ಯಾಂಡ್ ಬುಲೆವಾರ್ಡ್.

ವುಡ್‌ವರ್ಡ್ ಅವೆನ್ಯೂ ಈ ರಸ್ತೆಯನ್ನು ಪಶ್ಚಿಮ, ಪೂರ್ವ ಎಂದು ಎರಡು ಪಾಲು ಮಾಡುತ್ತದೆ. ಪಶ್ಚಿಮದಲ್ಲಿ 2648ನೇ ನಂಬರಿನ ಮನೆ 'ಹಿಟ್ಸ್‌ವಿಲ್', ಮೋಟೌನ್ ಕಂಪನಿಯ ತವರು. ಕಾರು ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ದುಡಿದಿದ್ದ ಬೆರ್ರಿ ಗೋರ್ಡಿ 1959ರಲ್ಲಿ ಶುರುಮಾಡಿದ ಸಂಗೀತದ ಕಾರ್ಖಾನೆ ಅದು. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಎದ್ದುಹೋಯಿತು. ಮನೆ ಮ್ಯೂಸಿಯಮ್ ಆಗಿ ಉಳಿಯಿತು. ಜನರೂ ಹಾಗೆಯೇ ಹೋದರು. 1950ರಲ್ಲಿ ಹದಿನೆಂಟೂವರೆ ಲಕ್ಷ ಇದ್ದ ಜನಸಂಖ್ಯೆ 2020ರ ಗಣತಿಯಲ್ಲಿ 6,39,111. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಪೂರ್ವ ಭಾಗದಲ್ಲಿದ್ದ ಪ್ಯಾಕರ್ಡ್ ಕಾರ್ಖಾನೆ ದಶಕಗಳ ಕಾಲ ಪಾಳುಬಿದ್ದು, 2024ರ ವೇಳೆಗೆ ಬಹುಪಾಲು ನೆಲಸಮವಾಯಿತು. 1982ರ ಮುಷ್ಕರದ ನಂತರದ ನಮ್ಮ ಪರೇಲ್, ಲಾಲ್‌ಬಾಗಿನ ಗಿರಣಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಊರಿನಲ್ಲಿ 1963ರಲ್ಲಿ ಹುಟ್ಟಿದವರು ಜೆಫ್ ಮಿಲ್ಸ್. ಎಂಬತ್ತರ ದಶಕದಲ್ಲಿ ಸ್ಥಳೀಯ ರೇಡಿಯೋದಲ್ಲಿ 'ದಿ ವಿಜರ್ಡ್', ಅಂದರೆ ಮಾಂತ್ರಿಕ, ಎಂಬ ಹೆಸರಿನಲ್ಲಿ ತಟ್ಟೆ ತಿರುಗಿಸುತ್ತಿದ್ದರು. ಜುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಯುವಕರು ಆ ವೇಳೆಗೆ ಟೆಕ್ನೋಗೆ ಅಡಿಪಾಯ ಹಾಕಿದ್ದರು. ಮಿಲ್ಸ್ ಅವರ ಮುಂದಿನ ಪೀಳಿಗೆ. ದಶಕದ ಕೊನೆಗೆ ಮೈಕ್ ಬ್ಯಾಂಕ್ಸ್ ಎಂಬ ಗೆಳೆಯನೊಡನೆ ಅವರು 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್' ಎಂಬ ಬಳಗ ಕಟ್ಟಿದರು. ಭೂಗತ ಎಂದರೆ ಮುಂಬಯಿಯಲ್ಲಿ ಬೇರೆಯೇ ಅರ್ಥ, ಹೆದರಬೇಡಿ! ಇಲ್ಲಿ ಅದರ ಅರ್ಥ ಇಷ್ಟೇ: ದೊಡ್ಡ ಕಂಪನಿಗಳಿಗೆ ಮಾರಿಕೊಳ್ಳುವುದಿಲ್ಲ, ಮುಖ ತೋರಿಸಿ ಹೆಸರು ಗಳಿಸುವುದಿಲ್ಲ, ನಮ್ಮ ತಟ್ಟೆಯನ್ನು ನಾವೇ ಮಾಡಿ ನಾವೇ ಹಂಚುತ್ತೇವೆ.

1992ರ ಸುಮಾರಿಗೆ ಗೆಳೆಯರ ದಾರಿ ಬೇರೆಯಾಯಿತು. ಮಿಲ್ಸ್ ಊರು ಬಿಟ್ಟರು. 'ಆಕ್ಸಿಸ್' ಎಂಬ ಸ್ವಂತ ಸಂಸ್ಥೆ ಆರಂಭಿಸಿದರು. ಬರ್ಲಿನ್ನಿನಲ್ಲಿ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರೊಂದರ ನೆಲಮಾಳಿಗೆಯ ತಿಜೋರಿಯಲ್ಲಿ 1991ರಲ್ಲಿ ತೆರೆದಿದ್ದ 'ಟ್ರೆಸರ್' ಕ್ಲಬ್ಬು ಅವರ ಸಂಗೀತವನ್ನು ಯುರೋಪಿಗೆ ಪರಿಚಯಿಸಿತು. ಮೂರು ಟರ್ನ್‌ಟೇಬಲ್‌ಗಳನ್ನು ಏಕಕಾಲಕ್ಕೆ ನಡೆಸುತ್ತಾ, ಪಕ್ಕದಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ 909 ಎಂಬ ತಾಳಯಂತ್ರವನ್ನು ಕೈಯಾರೆ ನುಡಿಸುವುದು ಅವರ ವೈಶಿಷ್ಟ್ಯ. ಸಾಧಾರಣ ಗ್ರಾಮಫೋನ್ ತಟ್ಟೆಯಲ್ಲಿ ಗೀರು ಸುರುಳಿಯಾಗಿ ಒಳಕ್ಕೆ ಸಾಗುತ್ತದೆ, ಅಲ್ಲವೇ? 1994ರ 'ಸೈಕಲ್ 30'ರಲ್ಲಿ ಅವರು ತನ್ನನ್ನೇ ಬಂದು ಸೇರುವ ಗೀರುಗಳನ್ನು ಕೊರೆಸಿದರು. ಮುಳ್ಳನ್ನು ಎತ್ತುವ ತನಕ ಅದೇ ತುಣುಕು ಸುತ್ತುತ್ತಿರುತ್ತದೆ. ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು ತಿರುಗುವ ತಟ್ಟೆಯಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ನಮ್ಮ ತಾಳದ ಆವರ್ತ ಬಲ್ಲವರಿಗೆ ಈ ಕುತೂಹಲ ಹೊಸದೇನಲ್ಲ.

ಅಲ್ಲಿಂದ ಮುಂದೆ ಅವರು ನಿಂತದ್ದೇ ಇಲ್ಲ. ಫ್ರಿಟ್ಸ್ ಲ್ಯಾಂಗರ ಮೂಕಿ ಚಿತ್ರ 'ಮೆಟ್ರೊಪೊಲಿಸ್'ಗೆ 2000ದಲ್ಲಿ ಹೊಸ ಸಂಗೀತ ಕೊಟ್ಟರು. 2005ರಲ್ಲಿ ಫ್ರಾನ್ಸಿನ ರೋಮನ್ ಕಾಲುವೆ ಸೇತುವೆ ಪೋಂ ದ್ಯು ಗಾರ್ ಬಳಿ ಮಾಂಪೆಲಿಯೇ ವಾದ್ಯವೃಂದದೊಂದಿಗೆ ನುಡಿಸಿದರು. 2007ರಲ್ಲಿ ಫ್ರೆಂಚ್ ಸರಕಾರ ಗೌರವಿಸಿತು. ನೈಜೀರಿಯಾದ ಡ್ರಮ್ ವಾದಕ ಟೋನಿ ಅಲೆನ್ ಜೊತೆ 2018ರಲ್ಲಿ ಹೊರತಂದ 'ಟುಮಾರೊ ಕಮ್ಸ್ ದಿ ಹಾರ್ವೆಸ್ಟ್' ಯೋಜನೆಯನ್ನು 2020ರಲ್ಲಿ ಅಲೆನ್ ತೀರಿಕೊಂಡ ಮೇಲೂ ಬಿಡಲಿಲ್ಲ. ಅದರಲ್ಲಿ ಪ್ರಭು ಎಡುವಾರ್ ಅವರ ತಬಲಾ ಸೇರಿಕೊಂಡಿತು. ಅರುವತ್ತು ದಾಟಿದವರು ತಬಲಾದ ಎದುರು 909 ಇಟ್ಟು ಕುಳಿತಿರುವುದನ್ನು ನೀವೊಮ್ಮೆ ನೋಡಬೇಕು.

ಇನ್ನು ಮೈಕ್ ಬ್ಯಾಂಕ್ಸ್? ಅವರು ಊರು ಬಿಡಲಿಲ್ಲ. ಪೂರ್ವ ಗ್ರ್ಯಾಂಡ್ ಬುಲೆವಾರ್ಡಿನ 3000ನೇ ನಂಬರಿನಲ್ಲಿ 'ಸಬ್‌ಮರ್ಜ್' ಎಂಬ ಕಟ್ಟಡವಿದೆ. ಡೆಟ್ರಾಯಿಟ್ ಸಂಗೀತಗಾರರ ತಟ್ಟೆಗಳನ್ನು ಜಗತ್ತಿಗೆ ಕಳಿಸಲು ಬ್ಯಾಂಕ್ಸ್ ಬಳಗ ಕಟ್ಟಿದ ಸಂಸ್ಥೆ ಅದು. ಒಳಗೆ ಟೆಕ್ನೋ ಮ್ಯೂಸಿಯಮ್, ನೆಲಮಾಳಿಗೆಯಲ್ಲಿ ತಟ್ಟೆಗಳ ಅಂಗಡಿ. ಹೊರಗೆ ಆಡಂಬರವೇನೂ ಇಲ್ಲ. ಮೊದಲೇ ಬರೆದು ಸಮಯ ಗೊತ್ತುಮಾಡಿಕೊಂಡು ಹೋಗಿ. ಮೇ ಕೊನೆಯ ವಾರ ಹೋದರೆ ನದಿಯಂಚಿನ ಹಾರ್ಟ್ ಪ್ಲಾಜಾದಲ್ಲಿ, 2000ದಲ್ಲಿ ಶುರುವಾದ ಸಂಗೀತೋತ್ಸವವೂ ಸಿಗುತ್ತದೆ.

ಇದನ್ನೆಲ್ಲ ನಿಮಗೇಕೆ ಬರೆದೆ? 'ನಿಮ್ಮ ಊರು ಯಾವುದು?' ಎಂದು ಹಿರಿಯರು ಕೇಳಿದರೆ ನೀವು ತಡವರಿಸುತ್ತೀರಿ. ಮುಂಬಯಿ ಎಂದರೆ ಅವರಿಗೆ ಸಮಾಧಾನವಿಲ್ಲ, ಉಡುಪಿ ಎಂದರೆ ನಿಮಗೆ ನಂಬಿಕೆಯಿಲ್ಲ. ಊರು ಬಿಟ್ಟು ಮೂವತ್ತು ವರ್ಷ ಕಳೆದರೂ ಮಿಲ್ಸ್ ಅವರನ್ನು ಜಗತ್ತು ಡೆಟ್ರಾಯಿಟಿನವರೆಂದೇ ಕರೆಯುತ್ತದೆ. ಅವರು ಆ ಊರಿನ ಕಸುಬನ್ನು ಬಿಡಲಿಲ್ಲ, ಅದಕ್ಕೆ. ಆದರೆ ಬ್ಯಾಂಕ್ಸ್ ಅಂಥವರು ಅಲ್ಲಿ ಉಳಿಯದೆ ಹೋಗಿದ್ದರೆ, ದೂರದಿಂದ ಬಂದ ನನ್ನಂಥವಳು ತಟ್ಟಲು ಒಂದು ಬಾಗಿಲೂ ಇರುತ್ತಿರಲಿಲ್ಲ. ಹೊರಟವರಷ್ಟೇ ಉಳಿದವರೂ ಊರಿಗೆ ಬೇಕು.

ನಮ್ಮ ಸಂಘದ ಗ್ರಂಥಾಲಯವನ್ನು ಪ್ರತಿ ಸಂಜೆ ತೆರೆಯುವವರು ಎಪ್ಪತ್ತು ದಾಟಿದ್ದಾರೆ. ನಿಮ್ಮಲ್ಲಿ ಜರ್ಮನಿಗೋ ಕೆನಡಾಕ್ಕೋ ಹೊರಟವರು ಧೈರ್ಯವಾಗಿ ಹೋಗಿ ಬನ್ನಿ. ಇಲ್ಲೇ ಇರುವವರಲ್ಲಿ ಯಾರಾದರೊಬ್ಬರು ಮುಂದಿನ ಭಾನುವಾರ ಬಂದು ಅವರಿಂದ ಬೀಗದ ಕೈ ಇಸಿದುಕೊಳ್ಳಿ. ನಿಮ್ಮ ಸಂಗೀತವನ್ನು ಅಲ್ಲಿ ಹಾಕಿದರೂ ನಮ್ಮ ಅಡ್ಡಿಯಿಲ್ಲ.