ಅಬು ಬೆಟ್ಟದ ಹಸಿರು ರಾಟವಾಳ

ರಾಜಸ್ಥಾನದ ಮೌಂಟ್ ಅಬುವಿಗೆ ಹೋದವರು ದಿಲ್ವಾಡದ ಅಮೃತಶಿಲೆಯ ಬಸದಿಗಳನ್ನೂ ನಕ್ಕಿ ಕೆರೆಯನ್ನೂ ನೋಡಿ ಹಿಂದಿರುಗುವುದೇ ಹೆಚ್ಚು. ಆದರೆ ಅಚಲಗಢದಿಂದ 1722 ಮೀಟರ್ ಎತ್ತರದ ಗುರುಶಿಖರದತ್ತ ಸಾಗುವಾಗ ಲಂಟಾನ ಪೊದೆಗಳ ಬಳಿ ಸದ್ದಿಲ್ಲದೆ ನಿಂತವರಿಗೆ ಅಪರೂಪದ ಹಕ್ಕಿಯೊಂದು ಕಂಡೀತು. ಅದೇ ಹಸಿರು ರಾಟವಾಳ.

ಸುಮಾರು 10 ಸೆಂಟಿಮೀಟರ್ ಉದ್ದದ ಇದು ಗುಬ್ಬಚ್ಚಿಗಿಂತ ಚಿಕ್ಕದು. ಬೆನ್ನು ಹಸಿರು, ಹೊಟ್ಟೆ ಹಳದಿ, ಕೊಕ್ಕು ಕೆಂಪು. ಪಕ್ಕೆಗಳಲ್ಲಿ ಕಪ್ಪು-ಬಿಳಿ ಪಟ್ಟೆ. ಹೆಣ್ಣಿನ ಬಣ್ಣ ತುಸು ಮಂಕು. ಗುಂಪಾಗಿ ಹುಲ್ಲಿನ ಬೀಜ ಹೆಕ್ಕಿ ತಿನ್ನುತ್ತದೆ. ಪೊದೆಯಲ್ಲೋ ಕಬ್ಬಿನ ಗದ್ದೆಯಲ್ಲೋ ಹುಲ್ಲು, ಎಲೆಗಳಿಂದ ಚೆಂಡಿನಂಥ ಗೂಡು ಕಟ್ಟಿ 4ರಿಂದ 6 ಬಿಳಿ ಮೊಟ್ಟೆ ಇಡುತ್ತದೆ.

ಅಂದವೇ ಇದಕ್ಕೆ ಮುಳುವು. ಇದರ ಕುಲನಾಮ 'ಅಮಂಡವ' ಬಂದದ್ದು ಅಹಮದಾಬಾದಿನ ಹೆಸರಿನಿಂದ. ಇದರ ಬಂಧು ಕೆಂಪು ರಾಟವಾಳಗಳು ಹಿಂದೆ ಆ ಊರಿನಿಂದಲೇ ಪಂಜರಗಳಲ್ಲಿ ವಿದೇಶಕ್ಕೆ ಹೋಗುತ್ತಿದ್ದವು. ಕಾಡುಹಕ್ಕಿಗಳ ಮಾರಾಟಕ್ಕೆ ಈಗ ಕಾನೂನಿನ ತಡೆಯಿದ್ದರೂ ಬಲೆ ಬೀಸುವವರು ಇಲ್ಲದಿಲ್ಲ. ಹಸಿರು ರಾಟವಾಳ ಇಂದು ಅಪಾಯದ ಅಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ.

ಇನ್ನೊಂದು ಸಂದಿಗ್ಧವೂ ಉಂಟು. ಲಂಟಾನ ಅಮೆರಿಕದಿಂದ ಬಂದ ಕಳೆ. ನಮ್ಮ ಗಿಡಗಳನ್ನು ಬೆಳೆಯಗೊಡದು. ಆದರೆ ಅಬುವಿನಲ್ಲಿ ಅದೇ ಈ ಹಕ್ಕಿಯ ಸೂರು. ಒಮ್ಮೆಲೇ ಕಡಿದರೆ ಗೂಡಿಗೂ ಕುತ್ತು. ಸ್ಥಳೀಯ ಪೊದೆಗಳನ್ನು ಬೆಳೆಸುತ್ತ, ಮರಿ ಮಾಡುವ ಕಾಲ ಬಿಟ್ಟು, ಹಂತಹಂತವಾಗಿ ತೆಗೆಯುವುದೇ ಜಾಣತನ.

ವಿದ್ಯಾರ್ಥಿಗಳು ಬೆಟ್ಟಕ್ಕೆ ಹೋಗುವಾಗ ದುರ್ಬೀನು ಒಯ್ಯಲಿ. ಸಂತೆಯಲ್ಲಿ ಪಂಜರದ ಹಕ್ಕಿಗಾಗಿ ಮಕ್ಕಳು ಹಟ ಹಿಡಿದರೂ ತಂದೆತಾಯಿಯರು ಕೊಳ್ಳದಿರಲಿ. ಕನಿಕರದಿಂದ ಕೊಂಡು ಹಾರಿಬಿಟ್ಟರೂ ಆ ಹಣ ಇನ್ನೊಂದು ಬಲೆಗೆ ದಾರಿಯಾದೀತು.