ಗುರು-ಲಘು

ಸೀಸವೆಂದರೆ ನನಗೆ ತಿಳಿದಿದ್ದುದು ತೆಲುಗು ಛಂದಸ್ಸಿನ ಸೀಸಪದ್ಯ ಮಾತ್ರ. ಲೋಹದ ಸೀಸವನ್ನು ಅಂಗೈಯಲ್ಲಿಟ್ಟುಕೊಂಡು ಇದು ಗುರುವೊ ಲಘುವೊ ಎಂದು ವಿಚಾರಮಾಡುವ ಯೋಗ ಒದಗಿದುದು 2019ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ನಾರ್ಥಾಂಪ್ಟನ್ ಪಟ್ಟಣದ ಸಮೀಪದ ಒಂದು ಕೆರೆಯ ದಡದಲ್ಲಿ. ರಜೆಯಲ್ಲಿ ಅಣ್ಣನ ಮನೆಗೆ ಹೋಗಿದ್ದೆನು. ಅಣ್ಣನಿಗೆ ಗೆಂಡೆಮೀನು ಹಿಡಿಯುವ ಹುಚ್ಚು. ಮೀನೆಂಬುದು ಹೊಸ್ತಿಲು ದಾಟಿ ಬರದ ಮನೆತನ ನಮ್ಮದು. ಈ ಸುದ್ದಿ ಮೊದಲು ಕಿವಿಗೆ ಬಿದ್ದಾಗ ಅಮ್ಮ ಎರಡು ದಿನ ಮಾತುಬಿಟ್ಟಿದ್ದಳು. ಹಿಡಿದ ಮೀನನ್ನು ಒದ್ದೆಯ ಮೆತ್ತನೆ ಹಾಸಿನ ಮೇಲೆ ಮಲಗಿಸಿ, ಗಾಳ ಬಿಡಿಸಿ, ತೂಕ ನೋಡಿ, ಮತ್ತೆ ನೀರಿಗೇ ಬಿಡುವುದು ಆ ನಾಡಿನ ಗೆಂಡೆಪ್ರಿಯರ ಪದ್ಧತಿಯೆಂದು ತಿಳಿದ ಮೇಲೆ, "ಹಾಗಾದರೆ ಹಿಡಿಯುವುದೇಕೆ?" ಎಂದು ಕೇಳಿದಳು. ಅದಕ್ಕೆ ಅಣ್ಣನಲ್ಲಿ ಇಂದಿಗೂ ಉತ್ತರವಿಲ್ಲ.

ಅಲ್ಲಿ ಗೆಂಡೆಗೆ ಇರುವ ಮರ್ಯಾದೆಯೇ ಬೇರೆ. 1952ರಲ್ಲಿ ರಿಚರ್ಡ್ ವಾಕರ್ ಎಂಬಾತ ರೆಡ್‌ಮೈರ್ ಕೊಳದಲ್ಲಿ 44 ಪೌಂಡಿನ ಗೆಂಡೆಯನ್ನು ಹಿಡಿದು ಲಂಡನ್ನಿನ ಪ್ರಾಣಿಸಂಗ್ರಹಾಲಯಕ್ಕೆ ಕೊಟ್ಟನು. ಕ್ಲಾರಿಸ್ಸಾ ಎಂಬ ಹೆಸರು ಪಡೆದ ಆ ಮೀನು 1971ರವರೆಗೂ ಅಲ್ಲಿ ಬದುಕಿತ್ತು. ನಾನೂ ಬಿಟ್ಟುಕೊಡಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲೇ ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವನ್ನು ವರ್ಣಿಸಿ, ಯಾವ ಮೀನಿಗೆ ಯಾವ ಎರೆ ಎಂಬುದನ್ನೂ ಹೇಳಿರುವನೆಂದು ಅಣ್ಣನಿಗೆ ಸಣ್ಣದೊಂದು ಪಾಠ ಮಾಡಿದೆನು. ಅವನು ತಾಳ್ಮೆಯಿಂದ ಕೇಳಿ, "ನಿನ್ನ ದೊರೆಯ ಬಳಿ ಇದಿತ್ತೇನು?" ಎನ್ನುತ್ತ ಒಂದು ಚೀಲವನ್ನು ತೆಗೆದನು.

ಪಾಲಿವಿನೈಲ್ ಆಲ್ಕೊಹಾಲ್ ಎಂಬ ವಸ್ತುವಿನ ತೆಳುಹಾಳೆಯ ಚೀಲವದು. ನೀರು ಸೋಕಿದರೆ ಕರಗಿಹೋಗುತ್ತದೆ. ಅದರೊಳಗೆ ಮೀನಿನ ಆಹಾರದ ಸಣ್ಣ ಗುಳಿಗೆಗಳನ್ನು ತುಂಬಿ, ನಡುವೆ ಸೀಸವನ್ನೂ, ನಾಲ್ಕೈದು ಅಂಗುಲದ ದಾರಕ್ಕೆ ಕಟ್ಟಿದ ಗಾಳವನ್ನೂ, ಎರೆಯನ್ನೂ ಹುದುಗಿಸಿ, ಬಾಯಿ ಬಿಗಿದು ಎಸೆಯಬೇಕು. ತಳ ಸೇರಿದ ಮೇಲೆ ಚೀಲ ಕರಗಿ, ಗುಳಿಗೆಗಳ ಪುಟ್ಟ ರಾಶಿಯ ನಡುವೆ ಎರೆ ಉಳಿಯುತ್ತದೆ. ಕೈ ಒಣಗಿರಬೇಕು; ನಮ್ಮಜ್ಜಿಯ ಮಡಿಗಿಂತ ಒಂದು ತೂಕ ಹೆಚ್ಚಿನ ಮಡಿ. ನನ್ನ ಮೊದಲಿನ ಮೂರು ಚೀಲಗಳು ಬೆವರಿಗೇ ಕರಗಿ ಬೆರಳಿಗಂಟಿದುವು.

ಇನ್ನು ಸೀಸ. ಅಣ್ಣನ ಪೆಟ್ಟಿಗೆಯಲ್ಲಿ ಒಂದೂವರೆ ಔನ್ಸಿನಿಂದ ನಾಲ್ಕು ಔನ್ಸಿನವರೆಗೆ ಸಾಲಾಗಿ ಮಲಗಿದ್ದುವು. ಒಂದು ಔನ್ಸಿಗಿಂತ ಕಿರಿಯವೇಕಿಲ್ಲವೆಂದು ಕೇಳಿದೆನು. ಗಾಳದವರು ದಡದಲ್ಲಿ ಚೆಲ್ಲಿದ ಸೀಸದ ಗುಂಡುಗಳನ್ನು ಹಂಸಗಳು ಮರಳುಕಲ್ಲುಗಳ ಜತೆಗೆ ನುಂಗಿ, ವಿಷವೇರಿ, ಕತ್ತು ಜೋಲಿ ಸಾಯುತ್ತಿದ್ದುವಂತೆ. ಆದುದರಿಂದ ಧೂಳಿನಷ್ಟು ಸಣ್ಣವನ್ನು ಬಿಟ್ಟು, ಒಂದು ಔನ್ಸಿನವರೆಗಿನ ಸೀಸದ ಮಾರಾಟವನ್ನು 1987ರಿಂದ ಅಲ್ಲಿ ನಿಷೇಧಿಸಿದರು. ಅದಕ್ಕಿಂತ ದೊಡ್ಡದು ಹಂಸದ ಗಂಟಲಿಗಿಳಿಯದೆಂದು ಉಳಿದುಕೊಂಡಿತು. ಕಾವ್ಯದಲ್ಲಿ ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸಕ್ಕೆ ಕಲ್ಲನ್ನೂ ಸೀಸವನ್ನೂ ಬೇರ್ಪಡಿಸಲಾಗಲಿಲ್ಲವೆಂಬುದು ನನಗೆ ನಗುವ ಸಂಗತಿಯಾಗಿ ತೋರಲಿಲ್ಲ.

ನಾನು ಮೂರು ಔನ್ಸನ್ನು ಆರಿಸಿಕೊಂಡೆನು. ಭಾರವಾದಷ್ಟೂ ದೂರ ಹೋಗುವುದಲ್ಲವೆ! ನನ್ನ ತರ್ಕ ಪೂರ್ತಿ ತಪ್ಪಾಗಿರಲಿಲ್ಲ. ದುಂಡನೆಯ ಚೀಲ ಗಾಳಿಗೆ ತಡೆಯಾಗುವುದರಿಂದ ಭಾರ ಬೇಕು. ಮೀನು ಎರೆಯನ್ನು ಹೀರಿದಾಗ ಗಿಡ್ಡ ದಾರ ಬಿಗಿದು ಸೀಸದ ಜಡತ್ವಕ್ಕೇ ಗಾಳದ ಮೊನೆ ನಾಟುವುದರಿಂದಲೂ ಭಾರ ಬೇಕು. ಆದರೆ ಕೋಲು ಹೊರಬೇಕಾದುದು ಸೀಸವನ್ನಷ್ಟೇ ಅಲ್ಲ, ತುಂಬಿದ ಚೀಲವನ್ನು. ಎರಡು ಔನ್ಸಿನ ಸೀಸವಿಟ್ಟ ಚೀಲವನ್ನು ಅಣ್ಣ ತಕ್ಕಡಿಗೆ ತೂಗಹಾಕಿದಾಗ ಮುಳ್ಳು ಮೂರೂವರೆ ದಾಟಿತು. ಮೇಲಾಗಿ ನಾವೆಸೆಯಬೇಕಾಗಿದ್ದುದು ನಲವತ್ತು ಗಜದಾಚೆಯ ಜೊಂಡಿನ ಬದಿಗೆ. ಅಲ್ಲಿ ತಳವೆಲ್ಲ ಕೆಸರು. ಭಾರದ ಸೀಸ ಕೆಸರಿನೊಳಕ್ಕೆ ಹೂತು ಗಾಳವನ್ನೂ ಎಳೆದುಕೊಳ್ಳುತ್ತದೆ. ಅಣ್ಣ ಒಂದೂವರೆ ಎಂದನು. ನಾನು ಮೂರನ್ನೇ ಎಸೆದೆನು. ಎರಡು ಗಂಟೆ ಕಾಲ ಏನೂ ಆಗಲಿಲ್ಲ. ಎಳೆದುಕೊಂಡಾಗ ಗಾಳಕ್ಕೆ ಕಪ್ಪು ಕೊಳೆ ಮೆತ್ತಿತ್ತು.

ಸಂಜೆ ರಾಜಿಯಾಗಿ ಎರಡು ಔನ್ಸಿಗೆ ಇಳಿದೆನು. ದಾರವು ಸೀಸದ ನಡುವಿನ ರಂಧ್ರದಲ್ಲಿ ಹಾದುಬಂದು ಒಂದು ಪುಟ್ಟ ತಿರುಗಣಿಗೆ ಕಟ್ಟಿರುತ್ತದೆ. ಆ ತಿರುಗಣಿ ಸೀಸದ ಬಾಯಿಯಲ್ಲಿ ಹಗುರವಾಗಿ ಕುಳಿತಿರಬೇಕು. ಎಸೆಯುವಾಗ ಕಳಚೀತೆಂಬ ಭಯದಿಂದ ನಾನು ಅದನ್ನು ಹೆಬ್ಬೆರಳಿನಿಂದ ಒತ್ತಿ, ಸಾಲದೆಂದು ಕೀಲಿಕೈಯ ಬೆನ್ನಿನಿಂದಲೂ ಜಡಿದೆನು. ಅಣ್ಣ ಆಗ ಚಹಾ ಕಾಯಿಸುತ್ತಿದ್ದನು.

ಕತ್ತಲೆಗೆ ಮುನ್ನ ಕೋಲು ಬಾಗಿತು. ಮೀನು ಒಮ್ಮೆ ನೀರಿನ ಮೇಲೆ ಮಗ್ಗುಲು ಹೊರಳಿದಾಗ ಬೆನ್ನಿನುದ್ದಕ್ಕೂ ರೂಪಾಯಿಯಗಲದ ಹುರುಪೆಗಳ ಒಂದು ಸಾಲು ಕಂಡಿತು. ಮಿಕ್ಕ ಮೈ ಬೋಳು. ಕನ್ನಡಿ ಗೆಂಡೆ! ಮರುಗಳಿಗೆಯಲ್ಲಿ ಅದು ಮುಳುಗಿದ ಮರದತ್ತ ನುಗ್ಗಿತು, ದಾರ ಕಡಿಯಿತು. ನಾನು ನಕ್ಕು, "ಹೋಗಲಿ, ಸ್ವತಂತ್ರವಾಯಿತು" ಎಂದೆನು.

"ತಿರುಗಣಿಯನ್ನು ಹೇಗೆ ಕೂರಿಸಿದ್ದೆ?" ಎಂದನು ಅಣ್ಣ.

ಹೇಳಿದೆನು. ಅವನು ಗದರಲಿಲ್ಲ. ದಾರ ಕಡಿದಾಗ ಸೀಸ ಜಾರಿ ಬಿದ್ದುಹೋಗಬೇಕು, ಜಡಿದದ್ದು ಜಾರದು. ಮೀನು ಅದನ್ನೆಳೆದುಕೊಂಡೇ ತಿರುಗಬೇಕು. ಎಲ್ಲಿಯಾದರೂ ಕೊಂಬೆಗೆ ಸಿಕ್ಕಿದರೆ ಕಟ್ಟಿಹಾಕಿದ ಹಾಗೆಯೇ. ಇಷ್ಟನ್ನು ಹೇಳಿ ಅವನು ಬೆಳಕಿರುವವರೆಗೂ ಆ ಮರದ ಕಡೆ ನೋಡುತ್ತ ನಿಂತಿದ್ದನು. ಆಮೇಲೆ ಕೆರೆಯ ಪಾಲಕನಿಗೆ ಹುರುಪೆಯ ಸಾಲಿನ ಗುರುತು ಹೇಳಿ, ಯಾರಿಗಾದರೂ ಸಿಕ್ಕರೆ ಬಿಡಿಸಬೇಕೆಂದು ಕೇಳಿಕೊಂಡನು.

ಮನೆಯಲ್ಲಿ ಅತ್ತಿಗೆ, "ಏನು ಸಿಕ್ಕಿತು?" ಎಂದರು. "ಏನೂ ಇಲ್ಲ" ಎಂದನು ಅಣ್ಣ. ನಾನು ಕೈ ತೊಳೆಯಲು ಒಳಗೆ ಹೋದೆನು.

ಅವನು ದೂರವಾಣಿಯಲ್ಲಿ ಮಾತನಾಡುವಾಗಲೆಲ್ಲ ಈಗಲೂ ನಾನು ಕೇಳುವುದುಂಟು. ಆ ಹುರುಪೆಯ ಸಾಲಿನ ಮೀನು ಇದುವರೆಗೆ ಯಾರ ಗಾಳಕ್ಕೂ ಬಂದಿಲ್ಲವಂತೆ.