ಕಲಿಸಲು ಬಂದು ಕಲಿತವರು

ಕೊಳತ್ತೂರಿನಿಂದ ಪಣ್ಣವಾಡಿಯ ಕಡವಿಗೆ ಹೋದವರಿಗೆ ಕಾವೇರಿ ಅಲ್ಲಿ ಹೊಳೆಯಂತೆ ತೋರುವುದಿಲ್ಲ, ಕಡಲಂತೆ ತೋರುತ್ತದೆ. 1934ರಲ್ಲಿ ಮೇಟ್ಟೂರು ಅಣೆಕಟ್ಟು ಪೂರ್ಣಗೊಂಡ ಮೇಲೆ ಹಳೆಯ ಊರುಗಳು, ಹೊಲಗಳು, ಗುಡಿಗಳು ನೀರಿನಡಿಗೆ ಸೇರಿದವು. ಅಣೆಯ ಪೂರ್ಣ ಮಟ್ಟ 120 ಅಡಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ಇಳಿದಂತೆ ಹಳೆಯ ಇಗರ್ಜಿಯ ಗೋಪುರಗಳು ಮೊದಲು ತಲೆಯೆತ್ತುತ್ತವೆ. ಇನ್ನೂ ಇಳಿದರೆ ಜಲಕಂಠೇಶ್ವರನ ಗುಡಿಯ ನಂದಿ ಕಾಣಿಸಿಕೊಳ್ಳುತ್ತಾನೆ. ಹರಿಗೋಲಿನಲ್ಲಿ ಧರ್ಮಪುರಿಯ ಕಡೆಯ ನಾಗಮರೆಗೆ ದಾಟುವ ಜನ ಎರಡನ್ನೂ ಒಂದೇ ನೋಟದಲ್ಲಿ ನೋಡುತ್ತಾರೆ. ಮಾದಪ್ಪನ ಬೆಟ್ಟಕ್ಕೆ ಹೊರಟ ಕನ್ನಡ ಮನೆಯ ಹಿರಿಯರು ನಂದಿಗೆ ಕೈಮುಗಿಯುತ್ತಾರೆ. ಜೊತೆಗಿರುವ ಮಕ್ಕಳು ಕೇಳುವುದು ಮಾತ್ರ ಗೋಪುರದ ವಿಷಯವನ್ನು: ಇಷ್ಟು ಒಳನಾಡಿಗೆ ಈ ಧರ್ಮವನ್ನು ತಂದವರು ಯಾರು? ಅವರು ಇಲ್ಲಿಯ ಜನರೊಡನೆ ಯಾವ ಭಾಷೆಯಲ್ಲಿ ಮಾತನಾಡಿದರು?

ಮೊದಲನೆಯ ಪ್ರಶ್ನೆಗಿಂತ ಎರಡನೆಯದು ಆಳವಾದದ್ದು. ದೂರದೇಶದಿಂದ ಬಂದವನಿಗೆ ತನ್ನ ಮಾತನ್ನು ಹೇಳುವ ಮೊದಲು ಇಲ್ಲಿಯ ಮಾತನ್ನು ಕಲಿಯದೆ ಗತ್ಯಂತರವಿರಲಿಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು, ಆ ಭಾಷೆಯಲ್ಲಿಯೇ ಬೋಧಿಸಿದರು. ಸೇಲಂ, ಧರ್ಮಪುರಿಗಳ ಬಾರಾಮಹಲ್ ಸೀಮೆಯೂ 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದುದರಿಂದ, ಈ ಭಾಗದಲ್ಲಿ ಕನ್ನಡ ಅಂದು ಮನೆಯ ಮಾತು ಮಾತ್ರವಾಗಿರದೆ ಆಡಳಿತದ ಮಾತೂ ಆಗಿತ್ತು. ಹೀಗೆ ಬಂದು ಕಲಿತವರ ಸಾಲಿನಲ್ಲಿ, ಕನ್ನಡ ಓದುವ ಮಕ್ಕಳು ಹೆಸರಿನಿಂದಲಾದರೂ ಬಲ್ಲವರು ಒಬ್ಬರಿದ್ದಾರೆ. ಅವರು ಕನ್ನಡ ನಾಡಿಗೆ ಬಂದಾಗ ಇನ್ನೂ ಹುಡುಗರೇ ಆಗಿದ್ದರೆಂಬುದು ಅನೇಕರಿಗೆ ನೆನಪಿರುವುದಿಲ್ಲ.

ಫರ್ಡಿನೆಂಡ್ ಕಿಟ್ಟೆಲರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲಂಚಿನ ಪೂರ್ವ ಫ್ರೀಸ್‌ಲೆಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ. ತಂದೆ ಅಲ್ಲಿಯ ಪಾದ್ರಿ. ಹದಿನೆಂಟನೆಯ ವಯಸ್ಸಿನಲ್ಲಿ, 1850ರಲ್ಲಿ, ಸ್ವಿಟ್ಸರ್‌ಲೆಂಡಿನ ಬಾಸೆಲ್ ನಗರದ ಮಿಷನ್ ಶಾಲೆಯನ್ನು ಸೇರಿದರು. 1853ರಲ್ಲಿ, ಇಪ್ಪತ್ತೊಂದು ತುಂಬಿದ ವರ್ಷದಲ್ಲಿ, ಭಾರತಕ್ಕೆ ಹಡಗು ಹತ್ತಿದರು. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಹದಿನಾರು ವರ್ಷಗಳಿದ್ದವು. ಇಂದು ಆ ವಯಸ್ಸಿನ ಮಗ ಬೆಂಗಳೂರಿಗೆ ಕೆಲಸಕ್ಕೆ ಹೊರಟರೂ ತಾಯಿ ಬಸ್ಸು ಕಣ್ಮರೆಯಾಗುವವರೆಗೆ ನಿಂತಿರುತ್ತಾಳೆ. ಅಂದು ಹಡಗು ಹತ್ತಿದವನ ಒಂದು ಕಾಗದ ಮನೆ ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು. ಮಿಷನ್ನಿನ ಶಿಸ್ತೂ ಕಠಿಣವಾಗಿತ್ತು. ಎಲ್ಲಿ ನೆಲೆಸಬೇಕು, ಯಾವ ಕೆಲಸ ಮಾಡಬೇಕು, ಯಾವಾಗ ಮದುವೆಯಾಗಬಹುದು ಎಂಬುದಕ್ಕೆಲ್ಲ ಬಾಸೆಲ್ಲಿನ ಸಮಿತಿಯ ಅಪ್ಪಣೆ ಬೇಕಾಗಿತ್ತು.

ಅವರು ಬಂದಾಗ ಮಿಷನ್ನಿನ ಕೆಲಸ ಕರಾವಳಿಯಲ್ಲಿ ಬೇರೂರಿತ್ತು. 1834ರಲ್ಲಿ ಸಾಮ್ಯುಯೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಮಂಗಳೂರಿನಲ್ಲಿ ಇಳಿದಿದ್ದರು. 1836ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಹೆರ್ಮನ್ ಮೋಗ್ಲಿಂಗ್ ಬಂದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟರು. ಕನ್ನಡದಲ್ಲಿ ಇಂದು ಅಚ್ಚಾಗುವ ಪ್ರತಿಯೊಂದು ವಾರಪತ್ರಿಕೆಯ ವಂಶಾವಳಿಯೂ, ಅದು ಎಲ್ಲಿಯೇ ಅಚ್ಚಾಗಲಿ, ಆ ಪುಟಗಳವರೆಗೆ ಹೋಗುತ್ತದೆ.

ಕಿಟ್ಟೆಲರ ಕಥೆ ಮಾತ್ರ ಸುಗಮವಾಗಿ ಸಾಗಲಿಲ್ಲ. ಬಂದವರೇ ಅವರು ಕನ್ನಡ ಭಾಷೆ, ಇಲ್ಲಿಯ ಆಚಾರ, ಇಲ್ಲಿಯ ಹಾಡುಗಾರಿಕೆ ಇವುಗಳ ಅಭ್ಯಾಸಕ್ಕೆ ತೊಡಗಿದರು. ಕನ್ನಡಿಗರ ನಡುವೆ ಕನ್ನಡಿಗನಾಗಿ ಬಾಳಬೇಕೆಂಬುದು ಅವರ ಹಂಬಲವಾಗಿತ್ತು. ಇದು ಸಂಗಡಿಗರಿಗೆ ರುಚಿಸಲಿಲ್ಲ. ಮಿಷನ್ನಿನಲ್ಲಿ ದಕ್ಷಿಣ ಜರ್ಮನಿಯವರೇ ಹೆಚ್ಚು, ಇವರು ಉತ್ತರದವರು. ಅಲ್ಲಿ ರೈತರ, ಕುಶಲಕರ್ಮಿಗಳ ಮಕ್ಕಳು ಬಹಳ, ಇವರು ಪ್ರಾಚೀನ ಭಾಷೆಗಳನ್ನು ಓದಿಕೊಂಡು ಬಂದವರು. ಪರದೇಶದಲ್ಲಿ ಪರಕೀಯನಾಗುವುದನ್ನು ಅವರು ನಿರೀಕ್ಷಿಸಿಯೇ ಬಂದಿರಬೇಕು. ತಮ್ಮವರ ನಡುವೆಯೂ ಪರಕೀಯರಾಗಬೇಕಾಗಿ ಬಂದದ್ದು ಅನಿರೀಕ್ಷಿತವಾಗಿದ್ದಿರಬಹುದು. ಮುಖ್ಯ ಕೇಂದ್ರಗಳಿಂದ ದೂರದ ಠಾಣೆಗೆ ಅವರನ್ನು ಕಳುಹಿಸಲಾಯಿತು. ಮುಂದೆ ಮಂಗಳೂರಿನ ಅಚ್ಚುಕೂಟದ ಕೆಲಸಕ್ಕೆ ಸೀಮಿತಗೊಳಿಸಲಾಯಿತು. 1860ರಲ್ಲಿ ಅವರು ವರಿಸಿದ ಪೌಲಿನೆ 1864ರಲ್ಲಿ ತೀರಿಕೊಂಡರು. ಮೂರು ವರ್ಷಗಳ ಮೇಲೆ ಆಕೆಯ ತಂಗಿ ಯೂಲಿಯೆ ಅವರ ಕೈಹಿಡಿದರು.

ಅಂಚಿಗೆ ಸರಿಸಲ್ಪಟ್ಟವನಿಗೆ ಎರಡು ದಾರಿಗಳಿರುತ್ತವೆ. ಮುನಿದು ಊರಿಗೆ ಮರಳುವುದು ಒಂದು. ನಿಂತ ನೆಲದಲ್ಲಿಯೇ ಕೈಗೆ ಸಿಕ್ಕ ಕೆಲಸವನ್ನು ಕೊನೆಮುಟ್ಟಿಸುವುದು ಇನ್ನೊಂದು. ಕಿಟ್ಟೆಲರು ಎರಡನೆಯದನ್ನು ಆರಿಸಿಕೊಂಡರು. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದ ‘ಕಥಾಮಾಲೆ’ 1862ರಲ್ಲಿ ಹೊರಬಂದಿತ್ತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಅಚ್ಚಾದವು. ಮಿಷನ್ನು ಅವರಿಂದ ಬಯಸಿದ್ದು ಸುವಾರ್ತೆಯ ಪ್ರಚಾರವನ್ನು. ಅವರ ಮೇಜಿನ ಮೇಲೆ ಬೆಳೆಯುತ್ತಿದ್ದುದು ಜೈನ ಕವಿಗಳ, ವೈಯಾಕರಣರ ಓಲೆಯ ಪ್ರತಿಗಳಿಂದ ಆಯ್ದ ಶಬ್ದರಾಶಿ. ಇದರೊಂದಿಗೆ ರೈತರು, ಹೆಂಗಸರು, ಸಂತೆಯ ಜನ ಆಡುವ ಮಾತು ಮತ್ತು ಗಾದೆಗಳೂ ಸೇರಿಕೊಂಡವು.

ಒಮ್ಮೆ ಜರ್ಮನಿಗೆ ಮರಳಿದವರು, ಐವತ್ತು ತುಂಬಿದ ವಯಸ್ಸಿನಲ್ಲಿ, ನಿಘಂಟನ್ನು ಮುಗಿಸುವ ಸಲುವಾಗಿಯೇ ಮತ್ತೆ ಭಾರತಕ್ಕೆ ಬಂದರು. ತಾರುಣ್ಯದಲ್ಲಿ ಬಂದಾಗ ಕನ್ನಡ ಅವರಿಗೆ ಸಾಧನವಾಗಿತ್ತು. ಈ ಬಾರಿ ಅದೇ ಗುರಿಯಾಗಿತ್ತು. ಸುಮಾರು 70,000 ಶಬ್ದಗಳ, 1,700ಕ್ಕೂ ಹೆಚ್ಚು ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿಯೇ ಅವರು ತೀರಿಕೊಂಡರು.

ಆ ನಿಘಂಟು ಕೊಳತ್ತೂರಿನಂಥ ಊರಿನ ಮಕ್ಕಳಿಗೆ ಬೇರೆಯವರಿಗಿಂತ ಹೆಚ್ಚು ಹತ್ತಿರದ ಪುಸ್ತಕ. ಕಿಟ್ಟೆಲರು ಕನ್ನಡದ ಶಬ್ದವೊಂದಕ್ಕೆ ಅರ್ಥ ಬರೆಯುವಾಗ ಅದರ ನಂಟರನ್ನೂ, ಅಂದರೆ ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿನ ರೂಪಗಳನ್ನೂ, ಜೊತೆಗಿಟ್ಟು ತೋರಿಸಿದರು. ಇಲ್ಲಿಯ ಮಗು ಅಡುಗೆಮನೆಯಲ್ಲಿ ‘ಹಾಲು’ ಎಂಬುದನ್ನು ಕೇಳುತ್ತದೆ, ಬೀದಿಯ ಅಂಗಡಿಯಲ್ಲಿ ‘ಪಾಲ್’ ಎಂಬುದನ್ನು ಕೇಳುತ್ತದೆ. ಮನೆಯ ಹುಲಿ ಹೊರಗೆ ‘ಪುಲಿ’, ಮನೆಯ ಹಲ್ಲು ಹೊರಗೆ ‘ಪಲ್’, ಮನೆಯ ಹೂವು ಹೊರಗೆ ‘ಪೂ’. ಹಳಗನ್ನಡದಲ್ಲಿ ಇದ್ದ ಪಕಾರ ಮುಂದೆ ಹಕಾರವಾಯಿತೆಂದು ವ್ಯಾಕರಣದ ಪಾಠ ಹೇಳುತ್ತದೆ. ಗಡಿಯ ಮಗು ಆ ಪಾಠವನ್ನು ದಿನವೂ ಮನೆಯ ಹೊಸ್ತಿಲಲ್ಲಿ ದಾಟುತ್ತಿರುತ್ತದೆ. ಫ್ರೀಸ್‌ಲೆಂಡಿನ ತರುಣ ದಶಕಗಳ ದುಡಿಮೆಯಿಂದ ಪಡೆದ ತಿಳಿವಳಿಕೆಯ ಬೀಜ ಆ ಮಗುವಿಗೆ ಬಿಟ್ಟಿಯಾಗಿ ದೊರೆತಿದೆ. ಇನ್ನೊಂದು ಸಂಗತಿಯೂ ನೆನಪಿಡತಕ್ಕದ್ದು: ಕಿಟ್ಟೆಲರ ನಿಘಂಟನ್ನು ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು 1968ರಿಂದಾಚೆಗೆ ಸಂಪುಟಗಳಲ್ಲಿ ಪ್ರಕಟಿಸಿದ್ದು ಮದ್ರಾಸು ವಿಶ್ವವಿದ್ಯಾನಿಲಯ. ತಮಿಳುನಾಡಿನ ಕನ್ನಡಿಗರಿಗೆ ಆ ಗ್ರಂಥ ಹೊರಗಿನದಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಹಿಯಾದ ಪ್ರಶ್ನೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ತರುಣರು ಬಂದದ್ದು ಮತವನ್ನು ಬದಲಿಸಲು. ಬಹಳ ಮಂದಿ ಈ ನೆಲದ ದೇವರುಗಳನ್ನು ಹೀನವಾಗಿ ಕಂಡರು. ಪರದೇಶೀಯರ ಆಳ್ವಿಕೆಯ ನೆರಳು ಅವರಿಗೆ ರಕ್ಷಣೆಯಾಗಿತ್ತು. ಮಗನು ಹೊಸ ಮತವನ್ನು ಸೇರಿದಾಗ ಒಡೆದ ಮನೆಗಳ ದುಃಖವೂ ಆ ಕಾಲದ ಸತ್ಯವೇ. ಜಾತಿಯ ಕಾರಣದಿಂದ ಅಕ್ಷರಕ್ಕೆ ಹೊರಗಾಗಿದ್ದ ಮಕ್ಕಳಿಗೆ ಮಿಷನ್ ಶಾಲೆಯ ಬಾಗಿಲು ತೆರೆದದ್ದೂ ಅಷ್ಟೇ ಸತ್ಯ. ಸ್ವತಂತ್ರ ಭಾರತದ ಸಂವಿಧಾನ ತನ್ನ 25ನೆಯ ವಿಧಿಯಲ್ಲಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಕಾನೂನು ಎಳೆದ ಆ ಗೆರೆಯ ಇಕ್ಕೆಲದಲ್ಲಿಯೂ ಮನುಷ್ಯರಿದ್ದಾರೆ. ಒಬ್ಬನ ಉದ್ದೇಶವನ್ನು ಒಪ್ಪದೆಯೂ ಅವನ ದುಡಿಮೆಗೆ ಋಣಿಯಾಗಿರಲು ಸಾಧ್ಯವೆಂಬುದನ್ನು ಕನ್ನಡಿಗರು ಕಿಟ್ಟೆಲರ ವಿಷಯದಲ್ಲಿ ತೋರಿಸಿಕೊಟ್ಟಿದ್ದಾರೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ನಿಂತಿರುವ ಅವರ ಪ್ರತಿಮೆ ಗೌರವಿಸುವುದು ನಿಘಂಟುಕಾರನನ್ನು.

ಯೌವನದ ಒಂದು ಅವಧಿಯನ್ನು ಪರದೇಶದ ಸೇವೆಗೆ ಕೊಡುವ ವಾಡಿಕೆ ಇಂದೂ ನಿಂತಿಲ್ಲ. ಮಾರ್ಮನ್ ಪಂಥದ ಯುವಕರು ಎರಡು ವರ್ಷಗಳ ಕಾಲ ಕಳುಹಿಸಿದ ನಾಡಿಗೆ ಹೋಗಿ, ಆ ನಾಡಿನ ಭಾಷೆಯನ್ನು ಕಲಿತು ದುಡಿಯುತ್ತಾರೆ. ಇತರ ಅನೇಕ ಸಭೆಗಳ ತರುಣ ತರುಣಿಯರು ಕೆಲವು ವಾರಗಳಿಗೋ ತಿಂಗಳುಗಳಿಗೋ ಹೊರಟು, ಶಾಲೆಗೆ ಬಣ್ಣ ಬಳಿದು, ಮಕ್ಕಳೊಡನೆ ಹಾಡಿ, ಛಾಯಾಚಿತ್ರಗಳೊಡನೆ ಮರಳುತ್ತಾರೆ. ಅವರಲ್ಲಿ ಒಳ್ಳೆಯ ಮನಸ್ಸಿಗೆ ಕೊರತೆಯಿಲ್ಲ. ಆದರೆ ಕೆಲವೇ ವಾರಗಳಲ್ಲಿ ಒಂದು ಊರಿನ ಮಾತು ನಾಲಿಗೆಗೆ ಬರುವುದಿಲ್ಲ. ಮಾತು ಬಾರದವನಿಗೆ ಆ ಊರಿನ ನಿಜವಾದ ಕೊರತೆ ಯಾವುದೆಂದು ತಿಳಿಯುವುದೂ ಕಷ್ಟ. ಕೊಡಲು ಹೋದವನು ಮೊದಲು ಕೈಚಾಚಿ ಪಡೆಯಬೇಕಾಗುತ್ತದೆ. ಇಪ್ಪತ್ತೊಂದರ ಕಿಟ್ಟೆಲರಿಗೆ ದಕ್ಕಿದ ಈ ತಿಳಿವು ಮಿಷನ್ನಿನ ಅನೇಕ ಹಿರಿಯರಿಗೆ ದಕ್ಕಲಿಲ್ಲ.

ಈ ಮಾತು ಮಿಷನ್ನಿನವರಿಗೆ ಮಾತ್ರ ಅನ್ವಯಿಸುವುದಿಲ್ಲ. ಕೊಳತ್ತೂರು, ಮೇಟ್ಟೂರು, ಧರ್ಮಪುರಿಗಳ ಕನ್ನಡ ಮನೆಗಳ ಮಕ್ಕಳೂ ತಿರುಪ್ಪೂರಿಗೆ, ಬೆಂಗಳೂರಿಗೆ, ಕೊಲ್ಲಿ ನಾಡುಗಳಿಗೆ ಹೊರಡುತ್ತಾರೆ. ಹೊರಡುವುದಕ್ಕೂ ಮೊದಲೇ ಅವರು ಒಂದು ಬಗೆಯ ಹೊರನಾಡಿನಲ್ಲಿ ಬೆಳೆದಿರುತ್ತಾರೆ. 2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ಹೊಸೂರು, ತಾಳವಾಡಿ ಮೊದಲಾದ ಕಡೆಗಳ ಅಲ್ಪಸಂಖ್ಯಾತ ಭಾಷೆಯ ಕುಟುಂಬಗಳಲ್ಲಿ ಮೂಡಿದ ಕಳವಳ ಇನ್ನೂ ಆರಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆ ಸೌಕರ್ಯವನ್ನು ಕೇಳಿ ಪಡೆಯುವುದು ಪೋಷಕರ ಹಕ್ಕು. ತಮಿಳನ್ನು ಚೆನ್ನಾಗಿ ಕಲಿಯುವುದರಿಂದ ಕನ್ನಡಕ್ಕೆ ಕುಂದಿಲ್ಲವೆಂಬುದನ್ನು ಕಿಟ್ಟೆಲರ ನಿಘಂಟಿನ ಪ್ರತಿಯೊಂದು ಪುಟವೂ ತೋರಿಸುತ್ತದೆ. ಕುಂದು ಬರುವುದು, ಮನೆಯಲ್ಲಿ ಕನ್ನಡದಿಂದ ಏನು ಪ್ರಯೋಜನವೆಂದು ಹಿರಿಯರೇ ಮಕ್ಕಳೆದುರು ಕೇಳಿದಾಗ. ಆ ಪ್ರಶ್ನೆಯನ್ನು ಕಿಟ್ಟೆಲರಿಗೂ ಅವರ ಸಂಗಡಿಗರು ಬೇರೆ ಮಾತುಗಳಲ್ಲಿ ಕೇಳಿದ್ದರು. ಅವರ ಉತ್ತರ 70,000 ಶಬ್ದಗಳಷ್ಟು ದೊಡ್ಡದಾಗಿತ್ತು.

ಮಳೆಗಾಲ ಬಂದರೆ ಪಣ್ಣವಾಡಿಯ ಗೋಪುರವೂ ನಂದಿಯೂ ಮತ್ತೆ ನೀರಿನೊಳಗೆ ಇಳಿಯುತ್ತವೆ. ಕಲ್ಲಿಗೆ ಹಾಗೆ ಮುಳುಗಿದ್ದು ಮತ್ತೆ ಕಾಣಿಸಿಕೊಳ್ಳುವ ಭಾಗ್ಯವಿದೆ. ಒಂದು ಮನೆಯಲ್ಲಿ ಮುಳುಗಿದ ಭಾಷೆ ಮುಂದಿನ ಬೇಸಗೆಗೆ ತಾನಾಗಿ ಮೇಲೇಳುವುದಿಲ್ಲ. ಶಾಲೆಯ ಕಪಾಟಿನಲ್ಲಿ ಕಿಟ್ಟೆಲರ ನಿಘಂಟು ಇದ್ದರೆ ಉಪಾಧ್ಯಾಯರು ಅದರ ಧೂಳು ಕೊಡವಿ, ಒಂದು ದಿನ ಮಕ್ಕಳ ಮುಂದೆ ಬಿಚ್ಚಿಡಲಿ. ‘ಹಾಲು’ ಎಂಬ ಶಬ್ದವನ್ನು ಹುಡುಕಿ ತೆಗೆಯಲು ಮಕ್ಕಳಿಗೇ ಹೇಳಲಿ. ಅದರ ಪಕ್ಕದಲ್ಲಿ ಬೀದಿಯ ‘ಪಾಲ್’ ಕೂಡ ಇರುವುದನ್ನು ಅವರು ತಾವೇ ಕಂಡುಕೊಳ್ಳಲಿ. ಆಮೇಲೆ, ಇದನ್ನು ಬರೆದವರು ಈ ಎರಡು ಮಾತುಗಳಲ್ಲಿ ಒಂದನ್ನೂ ತಾಯಿಯಿಂದ ಕೇಳಿದವರಲ್ಲವೆಂದು ತಿಳಿಸಿದರೆ ಸಾಕು.